ಮುಲಾಮು ಹಚ್ಚಿ ಒಂದು ಗಂಟೆ

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಥಲಸೇಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ, ಇರುವ ಮಕ್ಕಳು ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಾರೆ. ಬಂದಾಗಲೆಲ್ಲ ಸೂಜಿ. ಏಳು ವರ್ಷದ ಒಬ್ಬ ಹುಡುಗ ವಾರ್ಡಿನ ಬಾಗಿಲಲ್ಲೇ ಅಮ್ಮನ ಸೆರಗು ಹಿಡಿದು ನಿಂತುಬಿಡುತ್ತಿದ್ದ. ಮರಗಟ್ಟಿಸುವ ಕ್ರೀಮನ್ನು ಸರಿಯಾಗಿ ಹಚ್ಚಲು ನಾನು ಕಲಿತದ್ದು ಅವನ ಕೈ ಮೇಲೆ.

ಲಿಗ್ನೋಕೇನ್ ಮತ್ತು ಪ್ರಿಲೋಕೇನ್, ಎರಡೂ ಶೇ 2.5ರಷ್ಟು ಇರುವ ಬಿಳಿ ಕ್ರೀಮ್ ಅದು. ಮೊದಲ ಸಲ ಮುಖಕ್ಕೆ ಸ್ನೋ ಹಚ್ಚಿದ ಹಾಗೆ ತೆಳ್ಳಗೆ ಸವರಿ, ಇಪ್ಪತ್ತು ನಿಮಿಷಕ್ಕೇ ಚುಚ್ಚಿದೆ. 'ನೋವಾಗಲ್ಲ ಅಂದಿದ್ರಿ ಸಿಸ್ಟರ್!' ಎಂದು ಕಿರುಚಿದ. ಕ್ರೀಮಿನ ತಪ್ಪಲ್ಲ, ನನ್ನದೇ ಆತುರ.

ಈಗ ಮೊದಲು ನರ ಹುಡುಕುತ್ತೇನೆ. ಅದರ ಮೇಲೆ ಕ್ರೀಮನ್ನು ದಪ್ಪಗೆ, ಗುಡ್ಡೆಯ ಹಾಗೆ ಇಡುತ್ತೇನೆ, ತಿಕ್ಕುವುದಿಲ್ಲ. ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ಟೈಮ್ ಬರೆಯುತ್ತೇನೆ. ಒಂದು ಕೈಯಲ್ಲಿ ನರ ಸಿಗದಿದ್ದರೆ ಇರಲಿ ಎಂದು ಎರಡೂ ಕೈಗೆ. ಕಡಿಮೆ ಅಂದರೂ ಒಂದು ಗಂಟೆ ಬೇಕು. ಚೀಟಿ, ತೂಕ, ಡಾಕ್ಟರ್ ನೋಡುವುದು ಎಲ್ಲ ಮುಗಿಯುವಷ್ಟರಲ್ಲಿ ಗಂಟೆ ಹೇಗೂ ಆಗಿರುತ್ತದೆ. ಅವಸರ ಮಾಡಿದರೆ ಈಗ ಹುಡುಗನೇ ಪ್ಲಾಸ್ಟರ್ ತೋರಿಸಿ 'ಇನ್ನೂ ಹತ್ತು ನಿಮಿಷ ಇದೆ' ಅನ್ನುತ್ತಾನೆ.

ಕ್ರೀಮ್ ಒರೆಸಿದ ಮೇಲೆ ಚರ್ಮ ಬಿಳಿಚಿಕೊಂಡಿರುತ್ತದೆ, ನರವೂ ಒಳಗೆ ಅಡಗಿದ ಹಾಗೆ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಐದು-ಹತ್ತು ನಿಮಿಷ ಬಿಟ್ಟು, ಮುಷ್ಟಿ ಬಿಗಿದು ಬಿಡಲು ಹೇಳಿದರೆ ಸಾಮಾನ್ಯವಾಗಿ ನರ ಮತ್ತೆ ಸಿಗುತ್ತದೆ. ಮುಟ್ಟಿದ್ದು ಮಗುವಿಗೆ ಗೊತ್ತಾಗುತ್ತದೆ, ಚುಚ್ಚಿದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಟ್ಟಿದ್ದಕ್ಕೇ ಅಳುತ್ತಾರೆ.

ಫಿಟ್ಸ್ ಬಂದ ಮಗುವಿಗೆ ಈ ಕಾಯುವಿಕೆ ಎಲ್ಲ ಇಲ್ಲ, ನೇರ ಸೂಜಿ. ಗಾಯದ ಮೇಲೆ ಹಚ್ಚುವುದಿಲ್ಲ. ಎಳೆ ಕೂಸುಗಳಿಗೆ ಡಾಕ್ಟರ್ ಹೇಳಿದಷ್ಟೇ, ಅಳೆದು. ಪ್ರಿಲೋಕೇನ್ ಜಾಸ್ತಿ ಮೈಗೆ ಸೇರಿದರೆ ರಕ್ತಕ್ಕೆ ಆಮ್ಲಜನಕ ಸಾಗಿಸಲು ಆಗದೆ ಕೂಸು ನೀಲಿಗಟ್ಟಬಹುದು. ಹಲ್ಲು ಬರುವಾಗ ಒಸಡಿಗೆ ತಿಕ್ಕುವ ಬೆಂಜೋಕೇನ್ ಜೆಲ್‌ನಲ್ಲೂ ಅದೇ ಅಪಾಯ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ.

ಇದಕ್ಕೂ ಮೊದಲು ಗಂಡಸರ ವಾರ್ಡಿನಲ್ಲಿದ್ದೆ. ಅಲ್ಲೂ ಇದೇ ಆತುರ. ಮೂತ್ರದ ಟ್ಯೂಬ್ ಹಾಕುವ ಮುಂಚೆ ಬಿಡುವ ಶೇ 2ರ ಲಿಗ್ನೋಕೇನ್ ಜೆಲ್ಲಿ ಬರೀ ಜಾರಲಿ ಅಂತಲ್ಲ, ಮರಗಟ್ಟಲಿ ಅಂತ. ಐದು ನಿಮಿಷ ನಿಂತರೆ ಅಜ್ಜಂದಿರು ಹಲ್ಲು ಕಚ್ಚಬೇಕಾಗಿಲ್ಲ.

ಕಣ್ಣು ಮರಗಟ್ಟಿಸುವ ಹನಿ ಮಾತ್ರ ಅರ್ಧ ನಿಮಿಷದಲ್ಲೇ ಕೆಲಸ ಮಾಡುತ್ತದೆ. ಕಣ್ಣಿಗೆ ಕಬ್ಬಿಣದ ಚೂರು ಬಿದ್ದ ವೆಲ್ಡಿಂಗ್ ಹುಡುಗ, ತೆಗೆಸಿಕೊಂಡ ಮೇಲೆ 'ಆ ಬಾಟ್ಲಿ ಬರ್ಕೊಡಿ' ಎಂದು ದುಂಬಾಲು ಬಿದ್ದಿದ್ದ. ಕೊಡಲಿಲ್ಲ. ಪದೇ ಪದೇ ಹಾಕಿಕೊಂಡರೆ ನೋವು ಗೊತ್ತಾಗದೆ, ಗಾಯವೂ ಮಾಯದೆ ಕಣ್ಣೇ ಹಾಳಾಗುತ್ತದೆ.

ಎಂಡೋಸ್ಕೋಪಿಗೆ ಗಂಟಲಿಗೆ ಸ್ಪ್ರೇ ಹೊಡೆದ ಮೇಲೂ ಕಾಯಲೇಬೇಕು. ಗಂಟಲು ಜೋಮು ಹಿಡಿದಿದ್ದಾಗ ಕುಡಿದದ್ದು ಶ್ವಾಸನಾಳಕ್ಕೆ ಇಳಿಯಬಹುದು. ಒಬ್ಬ ಅಜ್ಜ ಮಗ ತಂದ ಕಾಫಿ ಲೋಟ ಎದುರಿಗಿಟ್ಟುಕೊಂಡು ಗಂಟೆ ಹೊತ್ತು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಕುಡಿಯಿರಿ ಅನ್ನುವಷ್ಟರಲ್ಲಿ ಕಾಫಿ ಕೆನೆಗಟ್ಟಿ ತಣ್ಣಗಾಗಿತ್ತು.