ಡೀನ್ ಕೂಗುವ ಮೊದಲೇ ಬದಲಾಗಿದ್ದ ವಿಶೇಷಣಗಳು

2004ರ ಜನವರಿಯಲ್ಲಿ ನಾನು ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರಲ್ಲಿ ವಿದೇಶ ಪುಟ ನೋಡಿಕೊಳ್ಳುವ ಉಪಸಂಪಾದಕನಾಗಿದ್ದೆ. ಏಜೆನ್ಸಿ ಕಾಪಿಯ ಒಂದೇ ಇಂಗ್ಲಿಷ್ ಪದಕ್ಕೆ ದಿನಕ್ಕೊಂದು ಕನ್ನಡ ಪದ ಹಾಕಿ ಬೈಸಿಕೊಂಡ ಮೇಲೆ, ಅಮೆರಿಕದ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಬಯಸಿದ್ದ ಹೊವಾರ್ಡ್ ಡೀನ್ ಅವರ ಹೆಸರಿನ ಹಿಂದೆ ಬರುತ್ತಿದ್ದ ವಿಶೇಷಣಗಳನ್ನು ತಾರೀಖು ಸಮೇತ ಬರೆದಿಡತೊಡಗಿದ್ದೆ.

2003ರ ಆಗಸ್ಟ್‌ನ ಒಂದೇ ವಾರ ಟೈಮ್ ಮತ್ತು ನ್ಯೂಸ್‌ವೀಕ್ ಎರಡೂ ಅವರನ್ನು ಮುಖಪುಟಕ್ಕೆ ತಂದಾಗ, ವರ್ಮಾಂಟಿನ ಈ ಮಾಜಿ ಗವರ್ನರ್ ಇರಾಕ್ ಯುದ್ಧವನ್ನು ವಿರೋಧಿಸಿದ 'ನೇರ ಮಾತಿನ ವೈದ್ಯ'ರಾಗಿದ್ದರು. ಡಿಸೆಂಬರ್ 9ರಂದು ಅಲ್ ಗೋರ್ ಬೆಂಬಲ ಘೋಷಿಸಿದ ಬಳಿಕ, ಇನ್ನೂ ಒಂದು ಮತವೂ ಬಿದ್ದಿರದಿದ್ದರೂ, 'ಮುಂಚೂಣಿ ಅಭ್ಯರ್ಥಿ' ಎಂಬ ಪದ ಅವರಿಗೆ ಅಂಟಿಕೊಂಡಿತು. ಪ್ರಶ್ನೆಗಳೂ ಅದರ ಜೊತೆಯಲ್ಲೇ ಬಂದವು. ಸದ್ದಾಂ ಸೆರೆಯಿಂದ ಅಮೆರಿಕ ಹೆಚ್ಚು ಸುರಕ್ಷಿತವಾಗಿಲ್ಲ ಎಂದ ಮಾತು, ಗವರ್ನರ್ ಆಗಿದ್ದಾಗಿನ ಮುಚ್ಚಿಟ್ಟ ಕಡತಗಳು, ಅಭ್ಯರ್ಥಿಯ ಆಯ್ಕೆಗೆ ಪಕ್ಷದವರು ಊರೂರಲ್ಲಿ ಸಭೆ ಸೇರುವ ಅಯೋವಾ ರಾಜ್ಯದ ಕಾಕಸ್ ಪದ್ಧತಿಯನ್ನು ಟೀಕಿಸಿದ್ದ ಹಳೆಯ ಟಿ.ವಿ. ದೃಶ್ಯ, ಎಲ್ಲವೂ ಸುದ್ದಿಯಾದವು. ಆಗಸ್ಟ್‌ನ 'ನೇರ ಮಾತು' ನನ್ನ ನೋಟ್‌ಬುಕ್ಕಿನಲ್ಲಿ ಜನವರಿಯ ಹೊತ್ತಿಗೆ 'ಸಿಡುಕುತನ'ವಾಗಿತ್ತು. ಮನುಷ್ಯ ಮಾತ್ರ ಅವರೇ. ಅಯೋವಾದಲ್ಲಿ ಅವರು ಕಂಡ ಸೋಲಿಗೆ ಪತ್ರಿಕೆಗಳಷ್ಟೇ ಕಾರಣವೆಂದು ನಾನು ಹೇಳಲಾರೆ, ಇನ್ನೊಬ್ಬ ಆಕಾಂಕ್ಷಿ ಗೆಫಾರ್ಟ್ ಜೊತೆ ನಡೆದ ಜಾಹೀರಾತು ಜಗಳವೂ ಇಬ್ಬರನ್ನೂ ಹಣ್ಣು ಮಾಡಿತ್ತು.

ಅಯೋವಾ ಕಾಕಸ್ ನಡೆದ ಜನವರಿ 19ರ ರಾತ್ರಿ ಡೀನ್ ಬೆಂಬಲಿಗರೆದುರು ಭಾಷಣ ಮಾಡಿ, ಕೊನೆಗೆ ಜೋರಾಗಿ ಕೂಗಿದಾಗ ನಮಗೆ ಮರುದಿನದ ಬೆಳಿಗ್ಗೆ. ಆ ದಿನದ ಸಂಚಿಕೆ ಆಗಲೇ ಮನೆಮನೆ ಸೇರಿತ್ತು. ಸಂಜೆ ಡೆಸ್ಕಿಗೆ ಬಂದು, ಟಿ.ವಿ.ಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಆ ಕೂಗನ್ನು ನೋಡುತ್ತಲೇ 'ಕೂಗಾಡಿ ಸೋತ ಡೀನ್' ಎಂದು ತಲೆಬರಹ ಕೊಟ್ಟೆ.

"ಏನಪ್ಪಾ, ಕೂಗಿದ್ದು ಮೊದಲೋ, ಸೋತದ್ದು ಮೊದಲೋ?" ಎಂದರು ಮುಖ್ಯ ಉಪಸಂಪಾದಕರು.

ಪ್ರತಿಸ್ಪರ್ಧಿಗಳಾದ ಕೆರ್ರಿ ಶೇ 38, ಎಡ್ವರ್ಡ್ಸ್ ಶೇ 32, ಡೀನ್ ಶೇ 18 ಎಂಬ ಫಲಿತಾಂಶ ಬಂದ ಮೇಲಷ್ಟೇ ಡೀನ್ ವೇದಿಕೆ ಹತ್ತಿದ್ದರು. ಮುಖ್ಯ ಉಪಸಂಪಾದಕರು ತಲೆಬರಹವನ್ನು 'ಸೋತು ಕೂಗಿದ ಡೀನ್' ಎಂದು ತಿದ್ದಿದರು. ಎರಡು ಪದಗಳ ಸ್ಥಾನ ಬದಲಾದರೆ ಕಾರಣವೇ ಕಾರ್ಯವಾಗುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಸಭಾಂಗಣದ ಗದ್ದಲವನ್ನು ಬಿಟ್ಟು ಹತ್ತಿರದ ದನಿಯನ್ನಷ್ಟೇ ಹಿಡಿಯುವ ಮೈಕು ಡೀನ್ ಕೈಯಲ್ಲಿತ್ತು ಎಂಬ ವಿವರವನ್ನು ನಾನು ತಿಳಿದದ್ದು ಬಹಳ ತಡವಾಗಿ. ಅಲ್ಲಿ ನೆರೆದವರಿಗೆ ಆ ಕೂಗು ಗದ್ದಲದಲ್ಲಿ ಮುಳುಗಿಹೋಗಿತ್ತು.

ಫೆಬ್ರುವರಿ 18ರಂದು ಡೀನ್ ಪ್ರಚಾರ ನಿಲ್ಲಿಸಿದರು. ಅಷ್ಟರಲ್ಲಿ 'ಮುಂಚೂಣಿ' ಎಂಬ ಪದ, ಡಿಸೆಂಬರ್‌ನಲ್ಲಿ ನಾನು 'ಮಂಕಾದ' ಎಂದು ಬರೆದಿದ್ದ ಕೆರ್ರಿಯವರ ಪುಟಕ್ಕೆ ವರ್ಗವಾಗಿತ್ತು.