ಹೈ-ಹ್ಯಾಟ್ ತೆಗೆದು ಪಿಟೀಲಿಗೆ ಜಾಗ ಮಾಡಿದ್ದು

1981ರ ‘ಜುಜು’ ಆಲ್ಬಮ್ಮಿಗೂ 1982ರ ‘ಎ ಕಿಸ್ ಇನ್ ದ ಡ್ರೀಮ್‌ಹೌಸ್’ಗೂ ನಡುವೆ ಇರುವುದು ಒಂದೇ ವರ್ಷ. ಅಷ್ಟರಲ್ಲಿ ಸೂಸಿ ಅಂಡ್ ದ ಬ್ಯಾನ್ಶೀಸ್ ಎಂಬ ಇಂಗ್ಲಿಷ್ ರಾಕ್ ಬ್ಯಾಂಡಿನ ಒಣ, ಚೂಪು ಸದ್ದಿಗೆ ತಂತಿವಾದ್ಯ, ಲೂಪ್ (ಮತ್ತೆ ಮತ್ತೆ ಸುತ್ತುವ ತುಣುಕು), ಪದರ ಪದರವಾದ ದನಿ ಎಲ್ಲ ಸೇರಿದ್ದವು. ನಮ್ಮ ಒಂದು ಪೋಸ್ಟ್-ಪಂಕ್ (ಪಂಕ್ ರಾಕಿನ ನಂತರ ಬಂದ ಶೈಲಿ) ಹಾಡನ್ನು ಆ ದಾರಿಗೆ ತರುವಾಗ ನಾನು ಮೊದಲು ಕೈ ಹಾಕಿದ್ದು ಹೈ-ಹ್ಯಾಟಿಗೆ, ಅಂದರೆ ಡ್ರಮ್ಮಿನ ಜೋಡಿ ಸಿಂಬಲ್ಲಿಗೆ. ತೆಗೆದೇ ಬಿಟ್ಟೆ.

ಕಾರಣ ಇಷ್ಟೆ: ಬಿಲ್ಲು ಉಜ್ಜುವ ಸದ್ದು, ಹಾಡುವವರ ಉಸಿರು, ರಿವರ್ಬಿನ (ಅನುರಣನೆಯ ಎಫೆಕ್ಟ್) ಹೊಳಪು ಇರುವ ಮೇಲಿನ ಕಂಪನಾಂಕಗಳ ಜಾಗದಲ್ಲೇ ಸಿಂಬಲ್ಲೂ ಬಿಡುವಿಲ್ಲದೆ ಸದ್ದು ಮಾಡುತ್ತಿರುತ್ತದೆ. ಅದನ್ನು ಹಾಗೇ ಬಿಟ್ಟು ಮೇಲೆ ಎಷ್ಟು ಪದರ ಹಾಕಿದರೂ ಮಬ್ಬೇ. ಓಟವನ್ನೆಲ್ಲ ದಪ್ಪ ದನಿಯ ಡ್ರಮ್ಮುಗಳಾದ ಟಾಮ್‌ಗಳಿಗೆ ವರ್ಗಾಯಿಸಿದೆ. ಆ ಬ್ಯಾಂಡಿನ ಡ್ರಮ್ಮರ್ ಬಡ್ಜಿಯ ಡ್ರಮ್ಮಿಂಗ್ ಕೇಳಿದವರಿಗೆ ಇದು ಹೊಸದಲ್ಲ.

ಗಿಟಾರಿನಲ್ಲಿ ಪವರ್ ಕಾರ್ಡ್ (ಒಟ್ಟಿಗೆ ಬಾರಿಸುವ ಎರಡು ಸ್ವರ) ಬಿಟ್ಟು, ಖಾಲಿ ತಂತಿ ಮೊಳಗುವಂತೆ ಸ್ವರಗಳನ್ನು ಬಿಡಿಬಿಡಿಯಾಗಿ ಮೀಟಬೇಕು. ಫ್ಲ್ಯಾಂಜರ್ (ಸದ್ದನ್ನು ಅಲೆಯಂತೆ ಏರಿಳಿಸುವ ಎಫೆಕ್ಟ್) ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಆದ ಮೇಲೆ ಇರಲಿ, ಆಗಲೇ ಅದರ ಏರಿಳಿತ ಕಿವಿಗೆ ಸಿಗುವುದು. ಒಂದು ಸುತ್ತಿಗೆ 6–8 ಸೆಕೆಂಡ್, ಫೀಡ್‌ಬ್ಯಾಕ್ ಅರ್ಧಕ್ಕಿಂತ ಕಡಿಮೆ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಾದರೆ ಡಿಲೇ, ಅಂದರೆ ಪ್ರತಿಧ್ವನಿ, ಮುಕ್ಕಾಲು ಬೀಟಿನಷ್ಟು: 375 ಮಿಲಿಸೆಕೆಂಡ್. ಬಾಸಿಗೆ ಕೋರಸ್ (ಒಂದೇ ಸದ್ದು ಹಲವರದ್ದಾಗಿ ಕೇಳಿಸುವ ಎಫೆಕ್ಟ್) ಹಾಕುವುದಾದರೆ ಸಿಗ್ನಲ್ ಎರಡು ಮಾಡಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಮುಟ್ಟಬೇಡಿ, ಬುಡ ಸಡಿಲವಾಗುತ್ತದೆ.

ತಂತಿವಾದ್ಯಕ್ಕೆ ಒಂದು ಪಿಟೀಲು, ಒಂದು ಚೆಲ್ಲೊ ಸಾಕಾಯಿತು. ಇಬ್ಬರಿಂದಲೂ ನಾಲ್ಕು ನಾಲ್ಕು ಟೇಕ್. ಪ್ರತಿ ಟೇಕಿಗೂ ಕುರ್ಚಿ ಜರುಗಿಸಿ, ಮೈಕ್ ಅರ್ಧ ಮೀಟರಿನಿಂದ ಎರಡು ಮೀಟರಿನವರೆಗೆ ದೂರ ಮಾಡುತ್ತಾ ಹೋಗಬೇಕು. ಒಂದೇ ಜಾಗದಲ್ಲಿ ಕೂತು ನುಡಿಸಿದ್ದನ್ನು ಪೇರಿಸಿದರೆ ಎಂಟು ಜನ ಇದ್ದಂತೆ ಕೇಳುವುದಿಲ್ಲ, ಒಬ್ಬರ ಮೂಗು ಕಟ್ಟಿದಂತೆ ಕೇಳುತ್ತದೆ. ಕರ್ನಾಟಕ ಸಂಗೀತದ ಪಿಟೀಲು ವಾದಕರಾದರೆ ಸ-ಪ-ಸ-ಪ ಶ್ರುತಿಯನ್ನು ಹಾಗೇ ಬಿಟ್ಟು, ಹಾಡಿನ ಶ್ರುತಿಗೆ ಷಡ್ಜ ಕೂಡಿಸಿ, ಸ್ವರದಲ್ಲೇ ಬರೆದುಕೊಡಿ. ಆದರೆ ಗಮಕ ಬೇಡವೆಂದು ಮೊದಲೇ ಹೇಳಿ. ನಾಲ್ಕು ಟೇಕಿನ ಗಮಕ ಒಂದರ ಮೇಲೊಂದು ಕೂರುವುದಿಲ್ಲ.

1982ರ ಆ ಆಲ್ಬಮ್ಮಿನ ‘ಸರ್ಕಲ್’ ಹಾಡು ನಿಂತಿರುವುದೇ ತಂತಿವಾದ್ಯದ ಲೂಪಿನ ಮೇಲೆ. ಲೂಪ್ ಮಾಡುವಾಗ ಅದೇ ತುಣುಕನ್ನು ಸತತವಾಗಿ ಮೂರು ಸಲ ನುಡಿಸಿ, ನಡುವಿನದನ್ನು ಕತ್ತರಿಸಿಕೊಳ್ಳಬೇಕು. ಹಿಂದಿನ ಸುತ್ತಿನ ಕೋಣೆಯ ಅನುರಣನೆ ಅದರ ಆರಂಭದಲ್ಲಿ ಇದ್ದೇ ಇರುವುದರಿಂದ ಜೋಡಣೆಯ ಗುರುತು ಸಿಗುವುದಿಲ್ಲ. ಅಂಚಿಗೆ, ಒಂದು ತಗ್ಗುತ್ತಾ ಇನ್ನೊಂದು ಏರುವ 10 ಮಿಲಿಸೆಕೆಂಡ್ ಕ್ರಾಸ್‌ಫೇಡ್. ವೇಗ ಅರ್ಧ ಮಾಡಿದರೆ ಸ್ಥಾಯಿಯೂ ಒಂದು ಇಳಿದು, ಪಿಟೀಲು ಚೆಲ್ಲೊಗಿಂತ ವಿಚಿತ್ರವಾಗುತ್ತದೆ. ನನಗೆ ಅದೇ ಇಷ್ಟ.

ದನಿಗೆ ಉಲ್ಟಾ ರಿವರ್ಬ್: ಸಾಲನ್ನು ತಿರುಗಿಸಿ, 3 ಸೆಕೆಂಡ್ ರಿವರ್ಬನ್ನು ಮಾತ್ರ ಬೇರೆ ಟ್ರ್ಯಾಕಿಗೆ ಇಳಿಸಿ, ಅದನ್ನು ಮತ್ತೆ ತಿರುಗಿಸಿ, ಮೂಲ ದನಿಗಿಂತ ಮೊದಲು ಏರುತ್ತಾ ಬರುವಂತೆ ಇಡುವುದು. ಪ್ರತಿ ಸಾಲಿಗೂ ಹಾಕಿದರೆ ಮಾತು ಮುಳುಗುತ್ತದೆ, ಚರಣದ ಮೊದಲ ಪದಕ್ಕೆ ಸಾಕು. ಎಲ್ಲ ರಿವರ್ಬಿಗೂ 300 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸದ್ದನ್ನು ತೆಗೆಯುವ ಫಿಲ್ಟರ್) ಹಾಕಿ, ಒಮ್ಮೆ ಮೊನೊದಲ್ಲಿ (ಎಡ-ಬಲ ಎರಡನ್ನೂ ಒಂದಾಗಿಸಿ) ಕೇಳಿ. ಆಗ ಗಿಟಾರ್ ಕಳೆದುಹೋದರೆ, ಅದಕ್ಕೆ ಹಾಕಿದ ಸ್ಟೀರಿಯೊ ಕೋರಸ್ಸೇ ಹೆಚ್ಚಾಗಿ ಕಾರಣ. ಒಂದು ಬದಿಯನ್ನು ಕೋರಸ್ ಇಲ್ಲದೆ ಮತ್ತೆ ನುಡಿಸುವುದೇ ವಾಸಿ.