ಬಾಗಿಲಿಗೆ ಮರುಗ, ದವನದ ಸಿಂಬಿ

ಕನಕಾಂಬರಕ್ಕೆ ಬಣ್ಣವಿದೆ, ಪರಿಮಳವಿಲ್ಲ. ಅದಕ್ಕೇ ಹೂ ಕಟ್ಟುವವರು ನಡುನಡುವೆ ಮರುಗವನ್ನೋ ದವನವನ್ನೋ ಸೇರಿಸುವುದು. ಆ ಸೊಪ್ಪನ್ನೇ ಮುಂದಿಟ್ಟುಕೊಂಡು ಸಿಂಬಿಯ, ಅಂದರೆ ಕೊಡದಡಿ ಇಡುವ ಹುಲ್ಲಿನ ಬಳೆಯ, ಆಕಾರಕ್ಕೆ ಕಟ್ಟಿ ಬಾಗಿಲಿಗೆ ನೇತುಹಾಕಿದರೆ ಯಾವ ಹೂವಿನ ಹಾರಕ್ಕಿಂತಲೂ ಹೆಚ್ಚು ದಿನ ಇರುತ್ತದೆ. ಹೊರದೇಶದಲ್ಲಿರುವ ಮಕ್ಕಳು ಕ್ರಿಸ್‌ಮಸ್ ಹೊತ್ತಿಗೆ ರೋಸ್‌ಮೇರಿ, ಸೇಜ್ ಸೊಪ್ಪಿನ ಬಳೆ ಕಟ್ಟಿ ಫೋಟೊ ಕಳಿಸುತ್ತಾರಲ್ಲ, ಅದೇ ಜಾತಿಯದು. ನಮ್ಮ ಹಿತ್ತಲಿನಲ್ಲಿ ಸಿಗುವುದರಲ್ಲೇ ಮಾಡೋಣ.

ಮೊದಲು ಯಾವ ಸೊಪ್ಪು ಬೇಕು, ಯಾವುದು ಬೇಡ ಅನ್ನುವುದು ಗೊತ್ತಿರಬೇಕು. ಒಣಗಿದರೂ ರೂಪ ಕೆಡದೆ, ವಾಸನೆ ಕಳೆದುಕೊಳ್ಳದೆ ಇರುವ ಸೊಪ್ಪೇ ಇದಕ್ಕೆ ಸರಿ. ದವನ ಈ ವಿಷಯದಲ್ಲಿ ರಾಜ; ಬಾಡಿದ ಮೇಲೆ ಅದರ ಘಮ ಇನ್ನೂ ಏರುತ್ತದೆ. ನವೆಂಬರ್ ಸುಮಾರಿಗೆ ಬಿತ್ತಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂ ಬರುತ್ತದೆ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದೇ ಹೆಸರು. ಹೂ ಬಂದ ದವನವೇ ಸಿಂಬಿಗೆ ಚೆನ್ನ, ಎಳೆಯದು ಸಪ್ಪೆ. ಮರುಗಕ್ಕೆ ಕಡ್ಡಿ ಗಟ್ಟಿ, ಎಲೆ ಸಣ್ಣದು, ಒಣಗಿದರೂ ಬೂದುಹಸಿರು ಬಣ್ಣ ಉಳಿಸಿಕೊಳ್ಳುತ್ತದೆ. ತುಳಸಿಯಲ್ಲಿ ಎಲೆಗಿಂತ ಕದಿರಿರುವ ಕುಡಿ ನೋಡಿ ತೆಗೆದುಕೊಳ್ಳಿ. ಕದಿರು ಚಿವುಟಿದರೆ ಗಿಡವೂ ಪೊದೆಯಾಗಿ ಚಿಗುರುತ್ತದೆ. ನಮ್ಮಲ್ಲಿ ದ್ವಾದಶಿಯ ದಿನ, ಸಂಜೆಯಾದ ಮೇಲೆ ತುಳಸಿ ಮುಟ್ಟುವುದಿಲ್ಲ. ನಿಮ್ಮ ಮನೆಯ ಪದ್ಧತಿ ಹೇಗೋ ಹಾಗೆ.

ದೊಡ್ಡಪತ್ರೆ ಬೇಡ. ಎಲೆಯಲ್ಲಿ ನೀರೇ ಜಾಸ್ತಿ, ಕಪ್ಪಗಾಗಿ ಕೊಳೆಯುತ್ತದೆ. ಪುದೀನವೂ ಅಷ್ಟೆ, ಮಧ್ಯಾಹ್ನದೊಳಗೆ ಜೋತುಬೀಳುತ್ತದೆ. ಕರಿಬೇವು ಕಟ್ಟಿದ ದಿನ ನೋಡಲು ಚೆಂದ, ಆಮೇಲೆ ಒಂದೊಂದೇ ಎಲೆ ಉದುರಿ ಹೊಸ್ತಿಲ ತುಂಬ ಕಸ. ಅದು ಒಗ್ಗರಣೆಗಿರಲಿ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ಕೈಯಲ್ಲಿ ಎಳೆದರೆ ಮರುಗ ಬೇರುಸಮೇತ ಬಂದುಬಿಡುತ್ತದೆ, ಕತ್ತರಿ ಹಿಡಿಯಿರಿ. ಒಂದು ಗಿಡದಿಂದ ಮೂರರಲ್ಲಿ ಒಂದು ಪಾಲು ಸಾಕು. ತಂದದ್ದನ್ನು ಬುಡ ಮಾತ್ರ ಮುಳುಗುವಂತೆ ಚೊಂಬಿನ ನೀರಲ್ಲಿ ಒಂದೆರಡು ಗಂಟೆ ನಿಲ್ಲಿಸಿ. ಎಲೆಗೆ ನೀರು ತಾಕಿದ್ದರೆ ಒದರಿ, ನೆರಳಲ್ಲಿ ಆರಿಸಿಯೇ ಕಟ್ಟಬೇಕು. ಇಲ್ಲದಿದ್ದರೆ ಒಳಗೊಳಗೇ ಬೂಷ್ಟು ಹಿಡಿಯುತ್ತದೆ.

ಇನ್ನು ಒಳಗಿನ ಬಳೆ. ತಂತಿಯೂ ಆಗುತ್ತದೆ, ಆದರೆ ಮಜ್ಜಿಗೆಹುಲ್ಲು (ಲೆಮನ್‌ಗ್ರಾಸ್) ಇದ್ದರೆ ತಂತಿ ಯಾಕೆ? ಉದ್ದನೆಯ ಗರಿ ಒಂದು ಹಿಡಿ ಕೊಯ್ದು ನೆರಳಲ್ಲಿ ಅರ್ಧ ದಿನ ಬಾಡಿಸಿ. ಹಸಿಯಾಗಿಯೇ ಬಾಗಿಸಹೊರಟರೆ ಮುರಿಯುತ್ತದೆ, ಅಂಚು ಬೆರಳನ್ನೂ ಕೊಯ್ಯುತ್ತದೆ. ಬಾಡಿದ ಮೇಲೆ ಹಗ್ಗದ ಹಾಗೆ ಹೊಸೆದು, ಒಂದು ಗೇಣು ಅಗಲದ ಬಳೆಯಾಗಿ ಬಾಗಿಸಿ, ತುದಿಯನ್ನು ಒಳಗೆ ತೂರಿಸಿ, ನಾಲ್ಕು ಕಡೆ ಬಾಳೆನಾರಿನಿಂದ ಬಿಗಿಯಿರಿ. ಭತ್ತದ ಹುಲ್ಲಿನಲ್ಲಿ ಕೊಡದ ಸಿಂಬಿ ಸುತ್ತಿ ಗೊತ್ತಿದ್ದವರಿಗೆ ಇದು ಆಟ. ಲಾವಂಚದ ಬೇರು ಸಿಕ್ಕಿದರೆ ಇನ್ನೂ ಮೇಲು, ಬಿಸಿಲುಗಾಲದಲ್ಲಿ ಅದಕ್ಕೆ ನೀರು ಚಿಮುಕಿಸಿದರೆ ಬಾಗಿಲೇ ತಂಪು.

ಕಟ್ಟಲು ಬಾಳೆನಾರೇ ಆಗಬೇಕು ಅನ್ನುತ್ತೇನೆ, ಇದರಲ್ಲಿ ನನಗೆ ಹಟವುಂಟು. ನೈಲಾನ್ ದಾರ ಎಳೆದರೆ ಎಳೆಕಡ್ಡಿ ತುಂಡಾಗುತ್ತದೆ. ಒಣಗಿದ ಬಾಳೆಪಟ್ಟೆಯನ್ನು ನೀರಲ್ಲಿ ನೆನೆಹಾಕಿ ಉಗುರಿನಲ್ಲಿ ಸೀಳಿದರೆ ಬೇಕಾದಷ್ಟು ನಾರು.

ನಾಲ್ಕು ಬೆರಳುದ್ದಕ್ಕೆ ಕಡ್ಡಿಗಳನ್ನು ಸಮ ಮಾಡಿಕೊಳ್ಳಿ. ಎರಡು ಎಳೆ ದವನ, ಎರಡು ಮರುಗ, ಮೇಲೊಂದು ತುಳಸಿ ಕುಡಿ, ಇದು ಒಂದು ಕಂತೆ. ಕಂತೆಯನ್ನು ಬಳೆಯ ಮೇಲೆ ಕೊಂಚ ಓರೆಯಾಗಿಟ್ಟು ಬುಡಕ್ಕೆ ನಾರನ್ನು ಮೂರು ಸುತ್ತು ಸುತ್ತಿ ಎಳೆಯಿರಿ. ನಾರನ್ನು ಕತ್ತರಿಸದೆ ಮುಂದಿನ ಕಂತೆಯನ್ನು ಹಿಂದಿನದರ ಬುಡ ಮುಚ್ಚುವ ಹಾಗೆ ಇಡಿ. ತಲೆಗಳೆಲ್ಲ ಒಂದೇ ದಿಕ್ಕಿಗಿರಬೇಕು. ನಾರು ಮುಗಿದರೆ ಗಂಟು ಹಿಂಬದಿಗೆ ಬರಲಿ. ಸೊಪ್ಪನ್ನು ಹೂ ಕಟ್ಟಿದ ಹಾಗೆ ಸಡಿಲವಾಗಿ, ಹಗುರವಾಗಿ ಕಟ್ಟಬಾರದು. ಒಣಗುತ್ತ ಅದು ಅರ್ಧಕ್ಕೆ ಇಳಿಯುತ್ತದೆ. ಇವತ್ತು ಸ್ವಲ್ಪ ಒತ್ತಾಯಿತೇನೋ ಅನ್ನಿಸುವಷ್ಟು ಒತ್ತಾಗಿ ಕಟ್ಟಿದರೆ ವಾರದ ಮೇಲೆ ಸರಿಯಾಗಿ ಕಾಣುತ್ತದೆ. ಕೊನೆಯ ಕಂತೆಯ ಬುಡವನ್ನು ಮೊದಲನೆಯದರ ತಲೆ ಎತ್ತಿ ಅದರಡಿ ತೂರಿಸಿ, ಆಗ ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಎರಡು ದಿನ ಬಿಟ್ಟು ಹಿಂಬದಿ ನೋಡಿ, ಸಡಿಲವಾಗಿದ್ದಲ್ಲಿ ಇನ್ನೊಂದು ಸುತ್ತು ನಾರು ಹಾಕಿ.

ಬಣ್ಣ ಬೇಕೆನ್ನುವವರು ಹಬ್ಬದ ದಿನ ಕನಕಾಂಬರ ಸಿಕ್ಕಿಸಿ, ಬಾಡಿದಾಗ ತೆಗೆಯಿರಿ. ರಾಗಿ ತೆನೆ ಸಿಕ್ಕಿಸಿದರೆ ತೆಗೆಯುವ ಗೋಜೇ ಇಲ್ಲ.

ಪಡುವಣ ಬಿಸಿಲು ಹೊಡೆಯುವ ಬಾಗಿಲಿಗೆ ಹಾಕಬೇಡಿ, ಎಲೆ ಸುಟ್ಟಂತಾಗಿ ಪುಡಿಯಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಕಡೆ, ಕಟ್ಟುವ ಆಸೆಯನ್ನೇ ಬಿಡಿ. ದೇವರ ಮನೆಯಲ್ಲಿ ತೂಗುಹಾಕುವುದಾದರೆ ದೀಪದ ಮೇಲಕ್ಕಂತೂ ಬೇಡವೇ ಬೇಡ. ಒಣಗಿದ ದವನ ಕಿಡಿ ತಾಕಿದರೆ ಸಾಕು, ಹತ್ತಿಕೊಳ್ಳುತ್ತದೆ.

ಪೂರ್ತಿ ಒಣಗಿದ ಮೇಲೆ ದವನ, ಮರುಗವನ್ನು ಉದುರಿಸಿ ತೆಳುಬಟ್ಟೆಯ ಚೀಲದಲ್ಲಿ ಕಟ್ಟಿ ರೇಷ್ಮೆ ಸೀರೆಗಳ ನಡುವೆ ಇಡಿ. ತುಳಸಿಯನ್ನು ಗಿಡದ ಬುಡಕ್ಕೆ ಹಾಕಿ. ಕೊಯ್ದು ಮಿಕ್ಕ ಮರುಗದ ಕಡ್ಡಿಗಳನ್ನು ಎಸೆಯಬೇಡಿ. ಕೆಳಗಿನ ಎಲೆ ತೆಗೆದು ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ಊರಿ ನೆರಳಲ್ಲಿಟ್ಟರೆ ಬೇರು ಬಿಡುತ್ತದೆ. ನೀರು ಮಾತ್ರ ಹದವಾಗಿ.